ಎಷ್ಟು ವರ್ಷದ ಫಸಲು

ಹೋದ ಬೇಸಿಗೆಯಲ್ಲಿ ನೀವಿಬ್ಬರೂ ಬಂದಿದ್ದಾಗ ಒಂದೇ ದಿನ ಎರಡು ಪ್ರಶ್ನೆ ಕೇಳಿದಿರಿ. ಚಿಕ್ಕವನು ಬೆಳಿಗ್ಗೆ ತೋಟದಿಂದ ಬಂದು, "ಅಜ್ಜಿ, ಬಾವಿ ಪಕ್ಕದ ಸಾಲಲ್ಲಿ ಹನ್ನೆರಡು ಮರ ಇದೆ. ನಮ್ಮ ಬೇಲಿ ಎಂಟನೇ ಮರ ಆದಮೇಲೆ ಯಾಕೆ ತಿರುಗಿಕೊಳ್ಳುತ್ತೆ?" ಎಂದ. ದೊಡ್ಡವಳು ಮಧ್ಯಾಹ್ನ ಕಾಲೇಜಿನ ಪಾಠಕ್ಕೆಂದು ಕಂಪ್ಯೂಟರ್ ತೆರೆದು, ಚೌಕ ಚೌಕದ ಹಾಳೆಯಲ್ಲಿ ಕಂಪನಿಗಳ ಷೇರಿನ ಬೆಲೆ, ಲಾಭ ತುಂಬುತ್ತ ಕೂತಿದ್ದಳು. ನಡುವೆ ಒಮ್ಮೆ "ಅಯ್ಯೋ, ಪೂರ್ತಿ ಒಂದು ಸಾಲು ಕೆಳಗೆ ಜಾರಿಬಿಡ್ತು" ಎಂದು ಬೆರಳಿನಿಂದ ಏನೋ ಒತ್ತಿದಳು. ಅಂಕಿಗಳೆಲ್ಲ ಮೊದಲಿನ ಜಾಗಕ್ಕೆ ಹೋಗಿ ಕೂತವು. "ಅಜ್ಜಿ, ಇದೇನು ಗೊತ್ತಾ ನಿಂಗೆ?" ಎಂದು ಕೇಳಿದಳು. "ಕಾಣೆ ಕಣವ್ವ" ಎಂದುಬಿಟ್ಟೆ.

ಗೊತ್ತಿಲ್ಲದೆ ಇರಲಿಲ್ಲ. ಎರಡು ಪ್ರಶ್ನೆಗೂ ಉತ್ತರ ಒಂದೇ ಆಗಿತ್ತು, ಮತ್ತು ಅದು ನಿಂತ ನಿಲುವಿನಲ್ಲೇ ಹೇಳಿಬಿಡುವಷ್ಟು ಚಿಕ್ಕದಾಗಿರಲಿಲ್ಲ. ಬಾಯಲ್ಲಿ ಹೇಳುವುದು ನನಗೆ ಮೊದಲಿನಿಂದಲೂ ಕಷ್ಟ. ಬರೆಯುವಾಗ ಯಾರೂ ಎದುರಿಗೆ ಕೂತು ಮುಖ ನೋಡುತ್ತಿರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ತಾತ ತಿಪಟೂರಿನ ಒಂದು ಶಾಲೆಯಲ್ಲಿ ಮೇಷ್ಟ್ರು. ಹಂದನಕೆರೆಯ ಹತ್ತಿರದ ನಮ್ಮೂರಿನಿಂದ ದಿನಾ ಹೋಗಿ ಬರುವಂಥ ಬಸ್ಸು ಆಗ ಇರಲಿಲ್ಲ. ಸೋಮವಾರ ಮುಂಜಾನೆ ಹೋದರೆ ಶನಿವಾರ ಸಂಜೆಗೆ ಬರುತ್ತಿದ್ದರು. ವಾರವೆಲ್ಲ ಅಲ್ಲೇ ಒಂದು ರೂಮು. ಹಾಗಾಗಿ ನಾವು ಗಂಡ ಹೆಂಡತಿ ಅಂತ ಬಾಳಿದ್ದು ಲೆಕ್ಕ ಹಾಕಿದರೆ ಬರೀ ಭಾನುವಾರಗಳು. ಮನೆ ಒಂದೇ, ಒಲೆ ಎರಡು. ಮುಂದಿನ ಭಾಗದಲ್ಲಿ ತಾತನ ಅಣ್ಣ, ಅಂದರೆ ನನ್ನ ಭಾವ, ಅವರ ಹೆಂಡತಿ. ಅವರನ್ನು ನಾನು ಅಕ್ಕ ಎನ್ನುತ್ತಿದ್ದೆ. ಹಿಂದಿನ ಭಾಗದಲ್ಲಿ ನಾನು, ನಿಮ್ಮ ಅಮ್ಮ. ತೋಟ ಒಟ್ಟಿಗಿತ್ತು. ಕೊಬ್ಬರಿ ಮಾರಿದಾಗ ನಮ್ಮ ಪಾಲನ್ನು ಭಾವನವರು ಒಂದು ಪೈಸೆ ಹೆಚ್ಚು ಕಡಿಮೆ ಮಾಡದೆ ಕೊಡುತ್ತಿದ್ದರು.

ಎಪ್ಪತ್ತರ ದಶಕದ ನಡುವಿನ ಒಂದು ವರ್ಷ, ಆ ಪಾಲಿನ ಹಣದಲ್ಲಿ ತಾತ ಒಂದು ಪಂಪು ತಯಾರಿಸುವ ಕಂಪನಿಯ ಇನ್ನೂರು ಷೇರು ಕೊಂಡರು. ನಮ್ಮ ಬಾವಿಯ ಮೇಲೆ ಇದ್ದದ್ದು ಅದೇ ಕಂಪನಿಯ ಪಂಪು. "ಓಡುತ್ತಿರೋದನ್ನ ಕಣ್ಣಾರೆ ನೋಡಿದ್ದೀನಿ, ಇನ್ನೇನು ಬೇಕು" ಎಂದಿದ್ದರು. ಭಾವನವರಿಗೆ ಅದು ಹಿಡಿಸಲಿಲ್ಲ. "ಕೊಬ್ಬರಿ ಮಾರಿ ಕಾಗ್ದ ತಂದವ್ನೆ ನನ್ ತಮ್ಮ" ಎಂದು ಸಂತೆಯಲ್ಲೂ ಹೇಳಿಕೊಂಡು ನಕ್ಕಿದ್ದರು. ಷೇರನ್ನು ತಾತ ಇಬ್ಬರ ಹೆಸರಲ್ಲೂ ಮಾಡಿಸಿದ್ದರು. ಮೊದಲ ಹೆಸರು ಅವರದು, ಕೆಳಗೆ ನನ್ನದು. ಅಚ್ಚಾದ ಕಾಗದದ ಮೇಲೆ ನಮ್ಮ ಹೆಸರು ಒಟ್ಟಿಗೆ ಬಂದದ್ದು ಮದುವೆಯ ಕಾಗದ ಬಿಟ್ಟರೆ ಅದೊಂದರಲ್ಲೇ.

ಆಮೇಲೆ ಹಾಳೆ ಶುರುವಾಯಿತು. ಶಾಲೆಯಿಂದ ಗೆರೆ ಹಾಕಿದ ದೊಡ್ಡ ಕಾಗದಗಳನ್ನು ತಂದು, ಮೈದಾ ಅಂಟಿನಲ್ಲಿ ಅಕ್ಕಪಕ್ಕ ಸೇರಿಸಿ, ಚಾಪೆಯಷ್ಟು ಅಗಲ ಮಾಡಿದರು. ಅದನ್ನು ನಡುಮನೆಯಲ್ಲಿ ಹಾಸಿ ನಾಲ್ಕು ಮೂಲೆಗೆ ನಾಲ್ಕು ಸುಲಿದ ತೆಂಗಿನಕಾಯಿ ಇಟ್ಟರೆ ಗಾಳಿಗೆ ಅಲ್ಲಾಡುತ್ತಿರಲಿಲ್ಲ. ಮೇಲಿನಿಂದ ಕೆಳಕ್ಕೆ ವರ್ಷಗಳು. ಅಡ್ಡಕ್ಕೆ ಐದು ಕಂಪನಿಗಳು: ನಮ್ಮ ಪಂಪಿನದು, ಹೋಲಿಸಿ ನೋಡಲು ಸೋಪು, ಟೈರು, ಬಟ್ಟೆ, ಸಕ್ಕರೆ. ಒಂದೊಂದಕ್ಕೂ ಮೂರು ಮನೆ. ಒಂದರಲ್ಲಿ ಷೇರಿನ ಬೆಲೆ, ಇನ್ನೊಂದರಲ್ಲಿ ಆ ವರ್ಷ ಒಂದು ಷೇರಿಗೆ ಬಂದ ಲಾಭ, ಮೂರನೆಯದು ಭಾಗಾಕಾರದ ಉತ್ತರ. ಬೆಲೆಯನ್ನೂ ಲಾಭವನ್ನೂ ತಾತ ತಿಪಟೂರಿನಲ್ಲಿ ಪತ್ರಿಕೆ ನೋಡಿ ಚೀಟಿಯಲ್ಲಿ ಬರೆದು ತರುತ್ತಿದ್ದರು. ನಮ್ಮ ಕಂಪನಿಯ ವರದಿ ಮಾತ್ರ ಪ್ರತಿ ಶ್ರಾವಣದ ಹೊತ್ತಿಗೆ ಅಂಚೆಯಲ್ಲಿ ಮನೆಗೇ ಬರುತ್ತಿತ್ತು. ಅಂಕಿಗಳನ್ನು ಆರಿಸುವುದು ಅವರ ಕೆಲಸ, ಭಾಗಿಸುವುದು ನನ್ನದು. ನಾನು ಊರ ಶಾಲೆಯಲ್ಲಿ ಏಳನೇ ತರಗತಿವರೆಗೆ ಓದಿದವಳು. ಭಾಗಾಕಾರ ನನ್ನ ಕೈಯಲ್ಲಿ ತಪ್ಪುತ್ತಿರಲಿಲ್ಲ.

"ಇದನ್ನ ಯಾಕೆ ಭಾಗಿಸೋದು?" ಎಂದು ಮೊದಲ ಭಾನುವಾರ ಕೇಳಿದ್ದೆ.

"ಯಾರಾದ್ರೂ ತೋಟ ಕೊಂಡ್ರೆ ನಮ್ಮಪ್ಪ ಏನು ಕೇಳ್ತಿದ್ರು, ಹೇಳು?"

ನಮ್ಮ ಮಾವನವರು ಎಷ್ಟು ರೂಪಾಯಿ ಎಂದು ಕೇಳುತ್ತಿರಲಿಲ್ಲ. "ಎಷ್ಟು ವರ್ಷದ ಫಸಲು ಕೊಟ್ಟೆ?" ಎಂದು ಕೇಳುತ್ತಿದ್ದರು. ಮರಕ್ಕೆ ಖರ್ಚು ಕಳೆದು ವರ್ಷಕ್ಕೆ ಮೂವತ್ತೈದು ರೂಪಾಯಿ ಉಳಿಯುವುದಾದರೆ, ಮುನ್ನೂರೈವತ್ತು ಕೊಟ್ಟವನು ಹತ್ತು ವರ್ಷದ ಫಸಲನ್ನು ಮೊದಲೇ ಎಣಿಸಿ ಕೊಟ್ಟಂತೆ.

"ಷೇರೂ ಒಂದು ಮರ ಕಣೇ" ಎಂದರು ತಾತ. "ಬೆಲೇನ ಲಾಭದಿಂದ ಭಾಗಿಸು. ಎಷ್ಟು ವರ್ಷದ ಫಸಲು ಕೊಟ್ಟು ಕೊಂಡಂಗಾಯ್ತು ಅಂತ ತಿಳೀತದೆ. ಕಮ್ಮಿ ಬಂದ್ರೆ ಅಗ್ಗ, ಜಾಸ್ತಿ ಬಂದ್ರೆ ದುಬಾರಿ."

ಆರು ವರ್ಷ ಆ ಹಾಳೆ ತುಂಬಿತು. ನಮ್ಮ ಕಂಪನಿಯ ಮೂರನೇ ಮನೆಯಲ್ಲಿ ಬಂದ ಉತ್ತರಗಳು ಈಗಲೂ ಬಾಯಿಗೆ ಬರುತ್ತವೆ. ಒಂಬತ್ತು, ಹತ್ತು, ನಲವತ್ತು, ಹನ್ನೊಂದು, ಹತ್ತು, ಎಂಟು. ಆ ನಲವತ್ತು ಬಂದದ್ದು ಕರೆಂಟಿಲ್ಲದೆ ಕಾರ್ಖಾನೆ ಅರ್ಧ ವರ್ಷ ನಿಂತಾಗ. ಇಪ್ಪತ್ತು ರೂಪಾಯಿಯ ಷೇರಿಗೆ ಅರ್ಧ ರೂಪಾಯಿ ಲಾಭ. ಎಲ್ಲ ಕೂಡಿ ಆರರಿಂದ ಭಾಗಿಸಿ, "ಸರಾಸರಿ ಹದಿನೈದರ ಹತ್ತಿರ ಬತ್ತದೆ ನೋಡ್ರಿ" ಎಂದು ನಾನು ಹೆಮ್ಮೆಯಿಂದ ಹೇಳಿದೆ. ಅವರು ಎದ್ದು ಅಡುಗೆಮನೆಗೆ ಹೋಗಿ ಐದು ತೆಂಗಿನಕಾಯಿ, ಒಂದು ಕುಂಬಳಕಾಯಿ ತಂದು ಹಾಳೆಯ ಪಕ್ಕ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸಿದರು.

"ಈ ಆರರ ಸರಾಸರಿ ಗಾತ್ರ ತೆಗೆದ್ರೆ ಅದು ಇಲ್ಲಿರೋ ಯಾವ ಕಾಯಿಗೂ ಹೊಂದಲ್ಲ. ಕುಂಬಳಕಾಯಿ ಎಲ್ಲರ್ನೂ ತನ್ನ ಕಡೆಗೆ ಎಳ್ಕೊಂಡುಬುಡ್ತದೆ. ಸರಾಸರೀನ ನಂಬಬೇಡ. ಸಾಲಿನ ನಡುವೆ ಕೂತವ್ರನ್ನ ಕೇಳು."

ನಡುವೆ ಕೂತವು ಎರಡು, ಎರಡೂ ಹತ್ತು. ಹಾಳೆಯ ಮೂಲೆಯಲ್ಲಿ ಅವರು "ಸರಾಸರಿ 15, ನಡು 10" ಎಂದು ಬರೆದು, ಹತ್ತರ ಕೆಳಗೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದರು.

"ಪಾಠ ಮುಗೀತಾ? ಕುಂಬಳಕಾಯಿ ಇತ್ತ ಕೊಡ್ರಿ, ಸಾರಿಗೆ ಹೊತ್ತಾಯ್ತು" ಎಂದೆ ನಾನು.

ಆರನೇ ಸಾಲು ಬರೆದ ವರ್ಷ ದೀಪಾವಳಿ ಕಳೆದ ಮೇಲೆ ಜ್ವರ ಬಂತು. ಹನ್ನೊಂದು ದಿನದ ಜ್ವರ. ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ.

ವಾರದ ಆರು ದಿನ ಅವರಿಲ್ಲದೆ ಇರುವುದು ನನಗೆ ಮೊದಲೇ ಅಭ್ಯಾಸವಾಗಿತ್ತು. ಆದ್ದರಿಂದ ಸೋಮವಾರದಿಂದ ಶನಿವಾರದ ಮಧ್ಯಾಹ್ನದವರೆಗೆ ಏನೂ ಬದಲಾದಂತೆ ಕಾಣುತ್ತಿರಲಿಲ್ಲ. ನಿಮ್ಮ ಅಮ್ಮ ಸ್ಕೂಲಿಗೆ ಹೋಗುವಳು, ನಾನು ರಾಗಿ ಕೇರುವುದು, ಹಿತ್ತಿಲು ಗುಡಿಸುವುದು. ಶನಿವಾರ ಸಂಜೆ ಬಸ್ಸಿನ ಸದ್ದು ಕೇಳಿದರೆ ಕೈಯಲ್ಲಿದ್ದ ಕೆಲಸ ತಾನಾಗಿ ನಿಲ್ಲುತ್ತಿತ್ತು. ಬಸ್ಸು ಹೋದಮೇಲೆ ಮತ್ತೆ ಶುರುಮಾಡುತ್ತಿದ್ದೆ. ಭಾನುವಾರ ನಡುಮನೆಯ ನೆಲ ತೀರಾ ಅಗಲವಾಗಿ ಕಾಣುತ್ತಿತ್ತು. ಮೊದಮೊದಲು ಬಂದು ಕೂರುತ್ತಿದ್ದ ನೆಂಟರು ವರ್ಷ ತುಂಬುವ ಮೊದಲೇ ಬರುವುದು ಬಿಟ್ಟರು. ಶುಭಕಾರ್ಯಕ್ಕೆ ಹೇಳಲು ಬಂದವರು ಅಕ್ಕನಿಗೆ ಹೇಳಿ, ಹಿಂದಿನ ಬಾಗಿಲ ಕಡೆ ತಿರುಗದೆ ಹೋಗುತ್ತಿದ್ದರು. ನಾನೂ ಬಾಗಿಲಿಗೆ ಹೋಗುತ್ತಿರಲಿಲ್ಲ.

ಶ್ರಾವಣ ಬಂತು. ಅಂಚೆಯವರು ಸೈಕಲ್ಲು ನಿಲ್ಲಿಸಿ ಉದ್ದನೆಯ ಲಕೋಟೆ ಕೊಟ್ಟರು. ಮೇಲೆ ಅವರ ಹೆಸರು. ಅಂಚೆಯವರಿಗೆ ವಿಷಯ ಗೊತ್ತಿತ್ತು, ಆದರೂ ಅಭ್ಯಾಸಬಲದಿಂದ ಹೆಸರು ಓದಿ ಕೂಗಿಬಿಟ್ಟರು. ಕೂಗಿದ ಮೇಲೆ ತಲೆ ತಗ್ಗಿಸಿಕೊಂಡು ಹೋದರು. ನನಗೆ ಬೇಜಾರಾಗಲಿಲ್ಲ. ನಮ್ಮ ಬಾಗಿಲಲ್ಲಿ ಆ ಹೆಸರನ್ನು ಯಾರೂ ಕೂಗದೆ ಒಂಬತ್ತು ತಿಂಗಳಾಗಿತ್ತು.

ಮರುದಿನ ಪೆಟ್ಟಿಗೆಯಿಂದ ಹಾಳೆ ತೆಗೆದೆ. ಮಧ್ಯಾಹ್ನ ಎಲ್ಲರೂ ಅಡ್ಡಾಗಿದ್ದ ಹೊತ್ತು. ನಾಲ್ಕು ಮೂಲೆಗೆ ಕಾಯಿ ಇಟ್ಟು, ಅವರ ಜಾಗದಲ್ಲಿ ಕೂರಲು ಮನಸ್ಸಾಗದೆ ನನ್ನ ಜಾಗದಲ್ಲೇ ಕೂತೆ. ಬೇರೆ ನಾಲ್ಕು ಕಂಪನಿಗಳ ಲಾಭ ತಿಳಿಯುವ ದಾರಿ ನನಗಿರಲಿಲ್ಲ. ಅವು ಅವರ ಕೈಬರಹದಲ್ಲೇ ನಿಂತುಹೋದವು. ನಮ್ಮದನ್ನಾದರೂ ಮುಂದುವರಿಸೋಣ ಅನ್ನಿಸಿತು. ಊರ ಶಾಲೆಯ ಮೇಷ್ಟ್ರ ಮನೆಯಿಂದ ಆ ವಾರದ ಇಂಗ್ಲಿಷ್ ಪತ್ರಿಕೆ ತರಿಸಿ, ಕಂಪನಿಯ ಹೆಸರಿನ ಅಕ್ಷರಗಳನ್ನು ಲಕೋಟೆಯ ಜೊತೆ ಒಂದೊಂದಾಗಿ ಹೋಲಿಸಿ ಹುಡುಕಿದೆ. ಬೆಲೆ ಇಪ್ಪತ್ತೊಂದು ರೂಪಾಯಿ.

ವರದಿಯಲ್ಲಿ ಲಾಭದ ಎದುರಿಗೆ ಎರಡು ಅಂಕಿ ಇದ್ದವು. ಎಡಗಡೆ ಈ ವರ್ಷದ್ದು, ಒಂದೂವರೆ ರೂಪಾಯಿ. ಬಲಗಡೆ ಹೋದ ವರ್ಷದ್ದು, ಮೂರು ರೂಪಾಯಿ. ಯಾವುದನ್ನು ಬರೆಯಬೇಕು? ಅಂಕಿ ಆರಿಸುವುದು ಅವರ ಕೆಲಸವಾಗಿತ್ತು. ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

ನಾನು ನಮ್ಮ ಅಟ್ಟದ ಕಡೆ ನೋಡಿದೆ. ನಮ್ಮ ಕಡೆ ಕಿತ್ತ ಕಾಯಿ ಕೂಡಲೇ ದುಡ್ಡಾಗುವುದಿಲ್ಲ, ಅದು ನಿಮಗೂ ಗೊತ್ತು. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಸಿಪ್ಪೆಯೊಳಗೇ ಇದ್ದು, ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಒಳಗೇ ಉರುಳುವ ಸದ್ದು ಬರಬೇಕು. ಆಮೇಲೆ ಸುಲಿದು, ಒಡೆದು, ತಿಪಟೂರಿಗೆ ಸಾಗಿಸುವುದು. ಈ ವರ್ಷ ಕೈಗೆ ಬರುವ ದುಡ್ಡು ಹೋದ ವರ್ಷದ ಕಾಯಿಯದು. ಈ ವರ್ಷದ ಕಾಯಿ ಇನ್ನೂ ಅಟ್ಟದಲ್ಲಿ. ಅದರಲ್ಲಿ ಎಷ್ಟು ಕೊಳೆಯುತ್ತದೋ ಎಷ್ಟು ಇಲಿ ತಿನ್ನುತ್ತದೋ, ಅದನ್ನು ಯಾರು ಆದಾಯ ಅನ್ನುತ್ತಾರೆ? ಹಾಗೆಂದುಕೊಂಡು ಬಲಗಡೆಯ ಮೂರನ್ನು ಬರೆದೆ. ಇಪ್ಪತ್ತೊಂದನ್ನು ಮೂರರಿಂದ ಭಾಗಿಸಿದರೆ ಏಳು. ಅವರ ಆರು ಸಾಲಿನಲ್ಲಿ ಅಷ್ಟು ಕಡಿಮೆ ಎಂದೂ ಬಂದಿರಲಿಲ್ಲ. ಕೆಂಪು ಗೆರೆಯ ಹತ್ತಕ್ಕಿಂತ ಮೂರು ಕಡಿಮೆ. ಅವರಿದ್ದಿದ್ದರೆ "ಅಗ್ಗ ಕಣೇ" ಎಂದು ತೊಡೆ ತಟ್ಟುತ್ತಿದ್ದರು ಅನ್ನಿಸಿ, ಒಬ್ಬಳೇ ನಕ್ಕೆ.

ಎರಡು ತಿಂಗಳಿಗೆ ಬಾವಿಯ ಪಂಪು ಸವೆದು ನಿಂತಿತು. ಹೊಸದು ತರಲೇಬೇಕಿತ್ತು. ಒಂದು ಬೆಳಿಗ್ಗೆ ಭಾವನವರು ಜಗಲಿಯ ಮೇಲೆ ಕೂತು ಮಾತು ತೆಗೆದರು. ಗಂಡನ ಅಣ್ಣನ ಎದುರಿಗೆ ನಿಂತು ಮಾತಾಡುವ ಪದ್ಧತಿ ನಮ್ಮ ಮನೆಯಲ್ಲಿ ಇರಲಿಲ್ಲ. ನಾನು ಬಾಗಿಲ ಹಿಂದೆ. ಅಕ್ಕ ಹೊಸ್ತಿಲ ಮೇಲೆ ಅವರೇಕಾಯಿ ಬಿಡಿಸುತ್ತ, ಆ ಕಡೆಯ ಮಾತನ್ನು ಈ ಕಡೆಗೆ, ಈ ಕಡೆಯದನ್ನು ಆ ಕಡೆಗೆ ದಾಟಿಸುವವರು. ಮೂರು ಮಾರು ದೂರದಲ್ಲಿ ಎಲ್ಲರಿಗೂ ಎಲ್ಲವೂ ಕೇಳಿಸುತ್ತಿತ್ತು ಅನ್ನುವುದು ಬೇರೆ.

"ಕೇಳು ಅವಳ್ನ" ಎಂದರು ಭಾವನವರು. "ಬಾವಿ ಪಕ್ಕದ ಹನ್ನೆರಡು ಮರ ನಾನು ಸ್ವಂತಕ್ಕೆ ಕೊಂಡಿದ್ದು. ಅದನ್ನ ಅವಳ ಹೆಸರಿಗೇ ಬರ್ಕೊಡ್ತೀನಿ. ಆ ಕಾಗ್ದ ನಂಗೆ ಕೊಟ್ಬುಡ್ಲಿ. ತಿಪಟೂರಿನ ಕೊಬ್ಬರಿ ಸಾಹುಕಾರ್ರ ಕೈಲಿ ಬೆಂಗಳೂರಲ್ಲಿ ಮಾರಿಸ್ತೀನಿ. ಪಂಪಿಗೆ ಆಯ್ತದೆ."

"ಕೇಳಿಸ್ತೇನೇ? ಹನ್ನೆರಡು ಮರ" ಎಂದರು ಅಕ್ಕ. "ಆ ಕಾಗ್ದ ಗಾಣಕ್ಕೆ ಹಾಕಿದ್ರೆ ಎಣ್ಣೆ ಬತ್ತದಾ? ಹೂಂ ಅನ್ನು."

ಇನ್ನೂರು ಷೇರಿಗೆ ಇಪ್ಪತ್ತೊಂದರಂತೆ ನಾಲ್ಕು ಸಾವಿರದ ಇನ್ನೂರು. ಹನ್ನೆರಡು ಮರಕ್ಕೆ ಮುನ್ನೂರೈವತ್ತರಂತೆ ಅದೂ ನಾಲ್ಕು ಸಾವಿರದ ಇನ್ನೂರು. ಭಾವನವರು ಬಾಯಲ್ಲೇ ಸರಿಯಾಗಿ ತೂಗಿದ್ದರು. ಮೋಸ ಮಾಡುವ ಜನ ಅಲ್ಲ ಅವರು. ಹನ್ನೆರಡು ಮರ ಅಂದರೆ ನನ್ನ ಹೆಸರಿನ ಮೊದಲ ನೆಲ. ನಾಳೆ ನಿಮ್ಮ ಅಮ್ಮನನ್ನು ಓದಿಸಲಿ, ಮದುವೆ ಮಾಡಲಿ, ಯಾರ ಪಾಲಿಗೂ ಕಾಯದೆ ಕಾಯಿ ಕೆಡವಿಕೊಳ್ಳಬಹುದು. ಅದು ನನಗೆ ಗೊತ್ತಿತ್ತು. ಇನ್ನೊಂದೂ ಗೊತ್ತಿತ್ತು. ಷೇರು ಮಾರಬೇಕಾದರೆ ಮೊದಲು ಮರಣದ ಪತ್ರ ಕಳಿಸಿ, ಕಂಪನಿಯ ಪುಸ್ತಕದಿಂದ ಅವರ ಹೆಸರು ತೆಗೆಸಬೇಕು. ಆಮೇಲೆ ಲಕೋಟೆ ಬರುವುದಿಲ್ಲ. ಹಾಳೆಗೆ ಮುಂದಿನ ಸಾಲು ಇರುವುದಿಲ್ಲ.

ಆದರೆ ಬಾಗಿಲ ಹಿಂದಿನಿಂದ ನಾನು ಹೇಳಿದ್ದು ಅದನ್ನಲ್ಲ. "ಮರಕ್ಕೆ ಹತ್ತು ವರ್ಷದ ಫಸಲಿನ ಬೆಲೆ ಅಕ್ಕ. ಷೇರು ಈಗ ಏಳು ವರ್ಷದ್ದಕ್ಕೇ ಸಿಗ್ತದೆ. ಅಗ್ಗದಲ್ಲಿರೋವಾಗ ಕೊಟ್ರೆ ನಷ್ಟ. ಬೇಡ ಅಂತ ಹೇಳಿ."

"ಏನೋ ಏಳು ಹತ್ತು ಅಂತಾಳೆ ಕಣ್ರೀ" ಎಂದರು ಅಕ್ಕ. "ಗಂಡನ ಹುಚ್ಚು ಇವಳ್ಗೂ ಅಂಟ್ಕೊಂಡದೆ."

ಭಾವನವರು ನಕ್ಕರು. "ಮೇಷ್ಟ್ರು ಹೋದ್ರೂ ಪಾಠ ನಿಂತಿಲ್ಲ ಅನ್ನು. ಬುಡು, ಅವಳಿಷ್ಟ."

ಪಂಪು ತಂದರು. ಅದಕ್ಕಾಗಿ ಅಟ್ಟದ ಕಾಯಿಯನ್ನು ಕೊಬ್ಬರಿಯಾಗುವ ಮೊದಲೇ ಇಳಿಸಿ, ಸಿಕ್ಕ ಬೆಲೆಗೆ ಹಸಿಯಾಗಿಯೇ ಮಾರಿದರು. ಒಂದು ಮಾತೂ ಆಡಲಿಲ್ಲ. ಅಟ್ಟ ಖಾಲಿಯಾದ ಮೇಲೆ ಮನೆ ಎಷ್ಟು ಸುಮ್ಮನಾಯಿತು ಎಂದರೆ ಹೇಳಲಾರೆ. ಇಲಿ ಓಡಿದರೆ ಉರುಳುತ್ತಿದ್ದ ಒಣಗಾಯಿಯ ಲೊಡಲೊಡ ಸದ್ದನ್ನು ಅಷ್ಟು ವರ್ಷ ಬೈದುಕೊಂಡಿದ್ದವಳು, ಅದಿಲ್ಲದೆ ಮಧ್ಯಾಹ್ನ ಅಡ್ಡಾಗುವುದನ್ನೇ ಬಿಟ್ಟೆ.

ಮತ್ತೆ ಶ್ರಾವಣ ಬಂತು, ಮತ್ತೆ ಲಕೋಟೆ. ಈ ಸಲ ಅಂಚೆಯವರು ಕೂಗಲಿಲ್ಲ, ಜಗಲಿಯ ಮೇಲೆ ಇಟ್ಟು ಗಂಟೆ ಬಾರಿಸಿ ಹೋದರು. ಪತ್ರಿಕೆಯಲ್ಲಿ ನೋಡಿದರೆ ಬೆಲೆ ಹದಿನೈದಕ್ಕೆ ಇಳಿದಿತ್ತು. ನನಗೆ ಅರ್ಥವಾಗಲಿಲ್ಲ. ಅಷ್ಟು ಅಗ್ಗವಾಗಿದ್ದದ್ದು ಇನ್ನೂ ಯಾಕೆ ಇಳಿಯಬೇಕು? ಕೊಳ್ಳುವವರಿಗೆ ಕಣ್ಣಿಲ್ಲವೆ? ವರದಿಯ ಬಲಗಡೆಯ ಅಂಕಿ ಹುಡುಕಿದೆ, ಒಂದೂವರೆ. ಅದನ್ನು ಬರೆಯಲು ಪೆನ್ನು ಇಟ್ಟವಳು, ಮೇಲಿನ ಸಾಲುಗಳನ್ನು ಒಮ್ಮೆ ನೋಡಿದೆ.

ನನ್ನ ಸಾಲಿನಲ್ಲಿ ಮೂರು. ಅದರ ಮೇಲೆ, ಅವರ ಕೊನೆಯ ಸಾಲಿನಲ್ಲಿ, ಅವರ ದುಂಡು ಬರಹದಲ್ಲಿ, ಮೂರು.

ಎರಡು ವರ್ಷ ಒಂದೇ ಲಾಭ ಬಂದಿರಬಹುದು ಎಂದುಕೊಂಡೆ. ಪೆಟ್ಟಿಗೆಯಿಂದ ಹಳೆಯ ವರದಿಗಳನ್ನೆಲ್ಲ ತೆಗೆದು ಒಂದೊಂದನ್ನೂ ಹಾಳೆಗೆ ಹೋಲಿಸಿದೆ. ಆರಕ್ಕೆ ಆರೂ ಸಲ ಅವರು ಬರೆದದ್ದು ಎಡಗಡೆಯ ಅಂಕಿ, ಅದೇ ವರ್ಷದ್ದು. ನಾನು ಬರೆದ ಮೂರು ಬೇರೆ ಮೂರಾಗಿರಲಿಲ್ಲ, ಅವರದೇ ಮೂರು. ಅವರು ಒಮ್ಮೆ ಬರೆದು ಮುಗಿಸಿದ್ದ ವರ್ಷವನ್ನೇ ನಾನು ಇನ್ನೊಮ್ಮೆ ಬರೆದಿದ್ದೆ. ಅವರಿಲ್ಲದ ಮೊದಲ ವರ್ಷಕ್ಕೆ ನನ್ನ ಹಾಳೆಯಲ್ಲಿ ಜಾಗವೇ ಇರಲಿಲ್ಲ.

ಇಪ್ಪತ್ತೊಂದನ್ನು ಒಂದೂವರೆಯಿಂದ ಭಾಗಿಸಿದೆ. ಹದಿನಾಲ್ಕು. ಏಳಲ್ಲ, ಹದಿನಾಲ್ಕು. ಹದಿನಾಲ್ಕು ವರ್ಷದ ಫಸಲಿನ ಬೆಲೆಯ ಕಾಗದ ಕೊಟ್ಟು, ಹತ್ತು ವರ್ಷದ ಬೆಲೆಯ ಮರ ಪಡೆಯುವ ಅವಕಾಶ ಮನೆ ಬಾಗಿಲಿಗೆ ಬಂದಿತ್ತು, ಮತ್ತು ನಾನು ನಷ್ಟ ಎಂದು ಅದನ್ನು ಕಳಿಸಿದ್ದೆ. ಈ ವರ್ಷದ ಎಡಗಡೆಯ ಅಂಕಿ ಇನ್ನೂ ಕೆಳಗೆ, ಒಂದೇ ರೂಪಾಯಿ. ಬೆಲೆ ಇಳಿದದ್ದು ಯಾಕೆಂದು ಗೊತ್ತಾಯಿತು. ಕೊಳ್ಳುವವರಿಗೆ ಕಣ್ಣಿತ್ತು.

ಆಗ ನಾನು ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಬರೆಯುತ್ತೇನೆ. ಹಾಳೆಯ ಮೂಲೆಯ "ಸರಾಸರಿ 15" ಕಣ್ಣಿಗೆ ಬಿತ್ತು. ಹದಿನಾಲ್ಕು ಹದಿನೈದಕ್ಕಿಂತ ಕಡಿಮೆ. ಹಾಗೆ ನೋಡಿದರೆ ಷೇರು ಆಗಲೂ ಅಗ್ಗವೇ ಇತ್ತು. ನನ್ನ ಮಾತು ಸುಳ್ಳಾಗಲಿಲ್ಲ. ಅಷ್ಟರಲ್ಲಿ ಕುಂಬಳಕಾಯಿ ನೆನಪಾಯಿತು. ಕೆಂಪು ಪೆನ್ಸಿಲಿನ ಗೆರೆ ಇದ್ದದ್ದು ಹದಿನೈದರ ಕೆಳಗಲ್ಲ.

ಒಂದು ವಾರ ಯಾರಿಗೂ ಹೇಳಲಿಲ್ಲ. ಹೇಳದೇ ಇದ್ದರೆ ಏನೂ ಆಗುತ್ತಿರಲಿಲ್ಲ. ಆ ಹಾಳೆಯಲ್ಲಿ ತಪ್ಪಿದ್ದರೆ ಹಿಡಿಯುವವರು ಊರಿನಲ್ಲಿ ಒಬ್ಬರೂ ಇರಲಿಲ್ಲ. ಇದ್ದ ಒಬ್ಬರು ಹೋಗಿದ್ದರು. ಅದು ಆ ವಾರ ನನಗೆ ತಿಳಿದಷ್ಟು ಚೆನ್ನಾಗಿ, ಅವರು ಹೋದ ದಿನವೂ ತಿಳಿದಿರಲಿಲ್ಲ. ತಪ್ಪನ್ನು ನಾನೇ ಹಿಡಿದು, ನಾನೇ ಒಪ್ಪಿಕೊಂಡು, ನಾನೇ ಸುಮ್ಮನಾಗುವುದು. ಪಾತ್ರೆ ತೊಳೆಯುತ್ತ ಖಾಲಿ ಅಟ್ಟವನ್ನು ನೋಡಿದರೆ ಭಾವನವರು ಆಡದೆ ಉಳಿಸಿದ ಮಾತು ಕೇಳಿಸುತ್ತಿತ್ತು.

ಎಂಟನೆಯ ದಿನ ಬೆಳಿಗ್ಗೆ ಭಾವನವರು ಜಗಲಿಯಲ್ಲಿ ಹಗ್ಗ ಹೊಸೆಯುತ್ತ ಕೂತಿದ್ದರು. ನಾನು ಹಾಳೆಯನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು, ಸೆರಗು ಹೊದ್ದು, ಹೊಸ್ತಿಲು ದಾಟಿದೆ.

"ಭಾವ, ನಾನು ಹೋದ ವರ್ಷ ಹೇಳಿದ್ದು ತಪ್ಪು."

ಅವರು ಗಾಬರಿಯಿಂದ ಎದ್ದು, ಅಂಗಳದ ಕಡೆ ಮುಖ ತಿರುಗಿಸಿ ನಿಂತರು. ನಾನು ಎರಡು ಮಾರು ದೂರದಲ್ಲಿದ್ದರೂ, "ಏನ್ ತಪ್ಪಂತೆ, ಕೇಳೇ ಅವಳ್ನ" ಎಂದು ಅಕ್ಕನನ್ನು ಕೂಗಿದರು.

ಅಕ್ಕ ಮೊರ ಹಿಡಿದು ಬಂದವರು ಅಲ್ಲೇ ನಿಂತರು. "ಓ, ಬಾಗ್ಲು ಬುಟ್ಟು ಬಂದವ್ಳೆ! ಇನ್ನು ನನ್ನ ಯಾಕ್ ಕರೀತೀರಾ, ನೀವೇ ಕೇಳ್ಕಳಿ."

ಹಾಳೆ ಹಾಸಿ ತೋರಿಸಿದೆ. ಅಟ್ಟದ ಕಾಯಿಯ ಲೆಕ್ಕವನ್ನು ಕಂಪನಿಗೂ ಹಚ್ಚಿದ್ದನ್ನು ಹೇಳಿದೆ. ಭಾವನವರು ಓದಿದವರಲ್ಲ, ಆದರೆ ಇದು ಅವರಿಗೆ ಒಂದೇ ಸಲಕ್ಕೆ ಹೊಳೆಯಿತು. ಅಂಗಳವನ್ನೇ ನೋಡುತ್ತ, "ಅವ್ರಿಗೆ ಅಟ್ಟ ಇಲ್ವಾ?" ಎಂದು ಕೇಳಿದರು.

"ಇಲ್ಲ ಭಾವ. ಆ ವರ್ಷದ್ದು ಆ ವರ್ಷಕ್ಕೇ."

"ನಾನಾಗಿದ್ರೂ ಅಂಗೇ ಬರೀತಿದ್ದೆ" ಎಂದರು. "ಮರ ಎಲ್ಲೂ ಹೋಗಿಲ್ಲ. ಹನ್ನೆರಡು ಅಂದಿದ್ದೆ, ಹನ್ನೆರಡೇ. ಕಾಗ್ದ ಕೊಡು."

ಬೇಡ ಎಂದೆ. ಈಗ ಷೇರಿಗೆ ಹದಿನೈದು, ಇನ್ನೂರಕ್ಕೆ ಮೂರು ಸಾವಿರ. ಮರದ ಬೆಲೆ ಅಷ್ಟೇ ಇದೆ. ಎಂಟೂವರೆ ಮರ ಆಗುತ್ತದೆ, ಅದರ ಮೇಲೆ ನನಗೆ ಬೇಡ. ನನ್ನ ತಪ್ಪಿಗೆ ಒಂದು ಸಲ ಅಟ್ಟ ಖಾಲಿಯಾಗಿದೆ, ಇನ್ನೊಂದು ಸಲ ಬೇಡ, ಎಂದೆ.

"ಅರ್ಧ ಮರ ಎಂಗ್ ಕೊಡೋದೇ?" ಎಂದರು ಅಕ್ಕ. "ಸೋಗೆ ನಿನಗೆ, ಕಾಯಿ ನಮಗಾ?"

ಭಾವನವರು ನಕ್ಕರು. ನಾನೂ ನಕ್ಕೆ. ಅವರ ಎದುರಿಗೆ ನಾನು ನಕ್ಕದ್ದು ಅದೇ ಮೊದಲು. "ಒಂಬತ್ತು ಮಾಡ್ಕೋ" ಎಂದರು. "ಎಂಟು" ಎಂದೆ. "ನನ್ ತಮ್ಮನ ಹಟವೇ ಬಂದದೆ" ಎಂದು ಗೊಣಗಿ ಮತ್ತೆ ಹಗ್ಗ ಹೊಸೆಯಲು ಕೂತರು. ಎಂಟು ಮರ ಕಳೆದು ಇನ್ನೂರು ರೂಪಾಯಿ ಉಳಿಯಿತು. ಆ ಅರ್ಧ ಮರದ ದುಡ್ಡನ್ನು ಅವರು ನನ್ನ ಕೈಗೂ ಕೊಡಲಿಲ್ಲ, ತಾವೂ ಇಟ್ಟುಕೊಳ್ಳಲಿಲ್ಲ. ಕಲ್ಲುಕಂಬ, ತಂತಿ ತಂದು, ಎಂಟನೇ ಮರದ ಆಚೆ ಸರಿಯಾಗಿ ತಿರುಗಿಸಿ ಬೇಲಿ ಹಾಕಿಸಿದರು.

ಮರಣದ ಪತ್ರ ಕಳಿಸಿದೆವು. ಕಾಗದಗಳು ತಿರುಗಿ ಬಂದಾಗ ಮೇಲಿನ ಹೆಸರಿನ ಮೇಲೆ ಗೆರೆ ಎಳೆದು ಮೊಹರು ಹಾಕಿತ್ತು, ಕೆಳಗೆ ನನ್ನ ಹೆಸರೊಂದೇ ಉಳಿದಿತ್ತು. ಮಾರಾಟದ ಕಾಗದಕ್ಕೆ ಸಹಿ ಹಾಕುವ ಮೊದಲು ಅದನ್ನು ಒಂದು ದಿನ ಇಟ್ಟುಕೊಂಡು, ಮರುದಿನ ಕೊಟ್ಟೆ. ಮುಂದಿನ ಶ್ರಾವಣ ಅಂಚೆಯವರ ಸೈಕಲ್ಲು ನಮ್ಮ ಮನೆಯ ಮುಂದೆ ನಿಲ್ಲದೆ ಹೋಯಿತು. ಆಮೇಲೆ ಆ ಕಂಪನಿ ಏನಾಯಿತು ನನಗೆ ಗೊತ್ತಿಲ್ಲ. ಪತ್ರಿಕೆ ತರಿಸುವುದನ್ನು ಬಿಟ್ಟೆ. ಭಾನುವಾರ ಬೆಳಿಗ್ಗೆ ಎಂಟು ಮರಕ್ಕೆ ಪಾತಿ ಮಾಡುವ ಕೆಲಸ ಇಟ್ಟುಕೊಂಡೆ. ಒಬ್ಬಳೇ ಮಾಡಬಹುದಾದ ಕೆಲಸ, ನಾಲ್ಕು ಮೂಲೆ ಹಿಡಿಯಲು ಯಾರೂ ಬೇಕಿಲ್ಲದ್ದು. ಆ ಮರಗಳ ಕಾಯಿಯಲ್ಲಿ ನಿಮ್ಮ ಅಮ್ಮ ತಿಪಟೂರಿನ ಕಾಲೇಜು ಓದಿದಳು.

ಹಾಳೆ ನನ್ನ ಪೆಟ್ಟಿಗೆಯ ತಳದಲ್ಲಿದೆ, ಮಡಿಕೆಗಳಲ್ಲಿ ಹರಿದಿದೆ. ನನ್ನ ಸಾಲಿನ ಮೂರನ್ನು ಹೊಡೆದು ಪಕ್ಕದಲ್ಲಿ ಒಂದೂವರೆ ಎಂದು ಬರೆದಿದ್ದೇನೆ, ಏಳನ್ನು ಹೊಡೆದು ಹದಿನಾಲ್ಕು ಎಂದು. ಅದರ ಕೆಳಗೆ ಇನ್ನೊಂದೇ ಸಾಲು: ಬೆಲೆ ಹದಿನೈದು, ಲಾಭ ಒಂದು, ಉತ್ತರ ಹದಿನೈದು. ದೊಡ್ಡವಳೇ, ಇದನ್ನು ನಿನ್ನ ಕಂಪ್ಯೂಟರಿಗೆ ತುಂಬುವ ಮನಸ್ಸಾದರೆ ತುಂಬು, ಎಂಟು ಸಾಲಿನ ನಡು ಎಷ್ಟು ಬರುತ್ತದೆ ನೋಡು. ನಾನು ಕೈಯಲ್ಲಿ ಮಾಡಿ ಇಟ್ಟಿದ್ದೇನೆ, ತಾಳೆ ನೋಡಬೇಕು. ತಪ್ಪಿದ್ದರೆ ಹೇಳು. ಹೇಳುವವರು ಸಿಕ್ಕಿ ಬಹಳ ವರ್ಷವಾಯಿತು. ಚಿಕ್ಕವನು ಮುಂದಿನ ಸಲ ಬಂದಾಗ ಬೇಲಿಯ ತಿರುವಿನ ಕಲ್ಲುಕಂಬಕ್ಕೆ ಸೋಗೆ ಒರಗಿಸಬಾರದು. ಅದು ಮೊದಲಿನಷ್ಟು ಗಟ್ಟಿಯಾಗಿಲ್ಲ.